ಟರ್ಮಿನಲ್ ಪರದೆಯಲ್ಲಿ ಕನ್ನಡ: ಬಣ್ಣದ ತೊಡಕುಗಳು ಮತ್ತು ಪರಿಹಾರಗಳು

ಗೋವೆಯ ಕದಂಬರು ಮೊದಲು ಚಂದ್ರಾಪುರದಿಂದಲೂ ಅನಂತರ ಗೋಪಕಪಟ್ಟಣದಿಂದಲೂ ಆಳಿದ ಅರಸರು. ಚಂದ್ರಾಪುರವು ಇಂದಿನ ಚಾಂದೋರ್. ಗೋಪಕಪಟ್ಟಣವು ಜುವಾರಿ ನದಿಯ ದಡದ ಗೋವಾ ವೆಲ್ಹಾ. ಈ ವಂಶದ ಶಾಸನಗಳು ಗೋವೆಯಲ್ಲಿಯೂ ಬೆಳಗಾವಿ ಜಿಲ್ಲೆಯ ಹಲಸಿ, ದೇಗಾಂವ ಮೊದಲಾದ ಊರುಗಳಲ್ಲಿಯೂ ದೊರೆತಿವೆ. ಅವುಗಳಲ್ಲಿ ಕನ್ನಡದವೂ ಹಲವು. ಇಂತಹ ಶಾಸನಗಳ ಮುದ್ರಿತ ಪಾಠಗಳನ್ನು ಬೆರಳಚ್ಚು ಮಾಡಿ ಒಂದು ಕಡತದಲ್ಲಿ ಸೇರಿಸಿಟ್ಟುಕೊಂಡ ವಿದ್ಯಾರ್ಥಿಯೊಬ್ಬನು, ಸ್ಥಳನಾಮಗಳನ್ನು ಕುರಿತ ಕಿರುಪ್ರಬಂಧಕ್ಕಾಗಿ ‘ಗೋವೆ’ ಎಂಬ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಹುಡುಕುತ್ತಾನೆಂದು ಭಾವಿಸೋಣ. ಪುಟಪುಟವನ್ನೂ ಕಣ್ಣಾಡಿಸುವ ಬದಲು ಅವನು ಗಣಕದ ಟರ್ಮಿನಲ್ಲನ್ನು ತೆರೆದು ‘ಗ್ರೆಪ್’ ಎಂಬ ಶೋಧಕ ಆಜ್ಞೆಯನ್ನು ಕೊಡುತ್ತಾನೆ. ಪದವಿರುವ ಸಾಲುಗಳೆಲ್ಲ ಪರದೆಯ ಮೇಲೆ ಬರುತ್ತವೆ. ಹುಡುಕಿದ ಪದವು ಕೆಂಪು ಬಣ್ಣದಲ್ಲಿ ಕಾಣಬೇಕು.

ಹಲವೊಮ್ಮೆ ಹಾಗೆ ಕಾಣುವುದಿಲ್ಲ. ಬಣ್ಣವೇ ಬಾರದಿರಬಹುದು, ಅಕ್ಷರಗಳು ಒಡೆದು ಒತ್ತು, ಸ್ವರಚಿಹ್ನೆಗಳು ಬೇರೆಯಾಗಿ ನಿಲ್ಲಬಹುದು, ಕಡತದಲ್ಲಿ ಇದೆಯೆಂದು ನಮಗೆ ಗೊತ್ತಿರುವ ಪದವೇ ಸಿಗದೆ ಹೋಗಬಹುದು. ಇವನ್ನು ಯಂತ್ರದ ದೋಷವೆಂದು ಬದಿಗಿಡುವುದು ಸುಲಭ. ಆದರೆ ‘ಈ ಶಾಸನಗಳಲ್ಲಿ ಗೋವೆ ಎಂಬ ರೂಪ ಇಷ್ಟೇ ಕಡೆ ಬಂದಿದೆ’ ಎಂದು ಪ್ರಬಂಧದಲ್ಲಿ ಬರೆಯುವವನು ಪರದೆಯಲ್ಲಿ ಕಂಡುದನ್ನು ನಂಬಿಯೇ ಬರೆಯುತ್ತಾನೆ. ಪರದೆ ತಪ್ಪಿಸಿದರೆ ತೀರ್ಮಾನವೂ ತಪ್ಪುತ್ತದೆ. ಆದ್ದರಿಂದ ಈ ತೊಡಕುಗಳ ಕಾರಣಗಳನ್ನು ಭಾಷೆಯ ವಿದ್ಯಾರ್ಥಿಯೂ ತಿಳಿದಿರುವುದು ಅಗತ್ಯ.

ಬಣ್ಣವು ಎಲ್ಲಿಂದ ಬರುತ್ತದೆ

ಟರ್ಮಿನಲ್ ಎಂದರೆ ಚಿತ್ರ, ಗುಂಡಿಗಳಿಲ್ಲದೆ ಬರಹದ ಮೂಲಕವೇ ಗಣಕಕ್ಕೆ ಆಜ್ಞೆ ಕೊಟ್ಟು ಬರಹದಲ್ಲಿಯೇ ಉತ್ತರ ಪಡೆಯುವ ಕಿಟಕಿ. ಒಂದು ಕಾಲಕ್ಕೆ ಇದು ಪರದೆ ಮತ್ತು ಕೀಲಿಮಣೆಗಳುಳ್ಳ ಪ್ರತ್ಯೇಕ ಯಂತ್ರವಾಗಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ100 ಎಂಬ ಟರ್ಮಿನಲ್ ಅವುಗಳಲ್ಲಿ ಪ್ರಸಿದ್ಧವಾದುದು. ಅದರ ಪರದೆಯಲ್ಲಿ 24 ಸಾಲುಗಳು, ಪ್ರತಿ ಸಾಲಿನಲ್ಲಿ 80 ಮನೆಗಳು. ಒಂದು ಮನೆಗೆ ಒಂದು ರೋಮನ್ ಅಕ್ಷರ. ಇಂದಿನ ಟರ್ಮಿನಲ್ ತಂತ್ರಾಂಶಗಳು ಇಂತಹ ಹಳೆಯ ಯಂತ್ರಗಳ ಅನುಕರಣೆಗಳೇ. ಸಮಾನ ಅಗಲದ ಮನೆಗಳಾಗಿ ಪರದೆಯನ್ನು ವಿಂಗಡಿಸುವ ಪದ್ಧತಿಯೂ ಅಲ್ಲಿಂದಲೇ ಉಳಿದುಬಂದಿದೆ.

ಇಂತಹ ಪರದೆಗೆ ಬಣ್ಣವನ್ನು ತಿಳಿಸಬೇಕಾದರೆ ಪಠ್ಯವು ಹರಿಯುವ ದಾರಿಯಲ್ಲಿಯೇ ತಿಳಿಸಬೇಕು; ಬೇರೆ ದಾರಿಯಿಲ್ಲ. ಅದಕ್ಕಾಗಿ ‘ಎಸ್ಕೇಪ್’ ಎಂಬ, 27ನೆಯ ಸಂಖ್ಯೆಯ ಅದೃಶ್ಯ ಸಂಕೇತವನ್ನು ಕಳುಹಿಸಿ, ಅದರ ಹಿಂದೆಯೇ ಒಂದು ಚೌಕ ಆವರಣ, ಒಂದು ಸಂಖ್ಯೆ ಮತ್ತು ‘ಎಂ’ ಎಂಬ ರೋಮನ್ ಅಕ್ಷರವನ್ನು ಕಳುಹಿಸುತ್ತಾರೆ. ಸಂಖ್ಯೆ 31 ಆದರೆ ಮುಂದಿನ ಅಕ್ಷರಗಳು ಕೆಂಪು, 32 ಆದರೆ ಹಸಿರು, 34 ಆದರೆ ನೀಲಿ; 1 ಆದರೆ ದಪ್ಪ, 4 ಆದರೆ ಅಡಿಗೆರೆ. ಸೊನ್ನೆ ಬಂದರೆ ಎಲ್ಲವೂ ಯಥಾಸ್ಥಿತಿಗೆ. ಮೂಲದಲ್ಲಿ 30ರಿಂದ 37ರವರೆಗಿನ 8 ಬಣ್ಣಗಳಿದ್ದವು. ಮುಂದೆ ಅವುಗಳ ಉಜ್ಜ್ವಲ ರೂಪಗಳು ಸೇರಿ 16, ಅನಂತರ 256, ಈಗ 1,67,77,216 ಛಾಯೆಗಳವರೆಗೆ ವಿಸ್ತಾರವಾಗಿದೆ.

ಪಠ್ಯದ ನಡುವೆ ರೂಪದ ಆಜ್ಞೆಯನ್ನು ಇರಿಸುವ ಈ ಕ್ರಮ ಭಾರತೀಯ ಲಿಪಿಗಳಿಗೂ ಅಪರಿಚಿತವಲ್ಲ. 1991ರ ಭಾರತೀಯ ಮಾನಕವಾದ ಇಸ್ಕಿ ಸಂಕೇತವ್ಯವಸ್ಥೆಯಲ್ಲಿ ಇದಕ್ಕೆಂದೇ ಒಂದು ಗುಣಸೂಚಕ ಸಂಕೇತವಿತ್ತು. ಅದರ ಮುಂದೆ ಬರುವ ಸಂಕೇತವು ಬರಹವನ್ನು ದಪ್ಪವಾಗಿ ತೋರಿಸಬೇಕೆ, ಅಡಿಗೆರೆಯೊಂದಿಗೆ ತೋರಿಸಬೇಕೆ, ಕನ್ನಡ ಲಿಪಿಯಲ್ಲಿ ತೋರಿಸಬೇಕೆ ಅಥವಾ ಬೇರೊಂದರಲ್ಲಿ ತೋರಿಸಬೇಕೆ ಎಂಬುದನ್ನು ಹೇಳುತ್ತಿತ್ತು.

ಇಲ್ಲಿ ಗಮನಿಸಬೇಕಾದ ತತ್ತ್ವ ಒಂದೇ: ಬಣ್ಣವು ಪಠ್ಯದ ಭಾಗವಲ್ಲ; ಪಠ್ಯದ ಜೊತೆ ಸಾಗುವ ಆಜ್ಞೆ. ಓಲೆಗರಿಯ ಬರಹವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಲಿಪಿಕಾರನು ಕಬ್ಬಿಣದ ಕಂಠದಿಂದ ಗರಿಯ ಮೇಲೆ ಅಕ್ಷರವನ್ನು ಕೊರೆಯುತ್ತಿದ್ದನು. ಬಳಿಕ ಮಸಿಯನ್ನು ಸವರಿ ಒರೆಸಿದಾಗ ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಅಕ್ಷರ ಕಾಣುತ್ತಿತ್ತು. ಅಕ್ಷರ ಇರುವುದು ಕೊರೆತದಲ್ಲಿ. ಮಸಿ ಇರುವುದು ಓದುವವನ ಅನುಕೂಲಕ್ಕೆ. ಟರ್ಮಿನಲ್ಲಿನ ಬಣ್ಣದ ತೊಡಕುಗಳಲ್ಲಿ ಬಹುಪಾಲು, ಆಜ್ಞೆಯು ತಲುಪದಿರುವುದರಿಂದ ಅಥವಾ ಆಜ್ಞೆಯು ಪಠ್ಯದೊಂದಿಗೆ ಬೆರೆತುಹೋಗುವುದರಿಂದ ಉಂಟಾಗುತ್ತವೆ.

ಬಣ್ಣವೇ ಬಾರದಿದ್ದಾಗ

ಮೊದಲು ಸರಳವಾದುದನ್ನು ನೋಡೋಣ. ಆಜ್ಞೆಯನ್ನು ಕೊಟ್ಟರೂ ಉತ್ತರವೆಲ್ಲ ಒಂದೇ ಬಣ್ಣದಲ್ಲಿ ಬಂದರೆ ಮೂರು ಕಾರಣಗಳನ್ನು ಪರಿಶೀಲಿಸಬೇಕು.

ಮೊದಲನೆಯದು, ತಂತ್ರಾಂಶವು ತನ್ನ ಉತ್ತರ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ ನಿರ್ಧರಿಸುವುದು. ಗ್ರೆಪ್ ಆಜ್ಞೆಗೆ ‘ಕಲರ್’ ಎಂಬ ಆಯ್ಕೆಯಿದೆ. ಅದಕ್ಕೆ ‘ಆಟೋ’, ‘ಆಲ್ವೇಸ್’, ‘ನೆವರ್’ ಎಂಬ ಮೂರು ಮೌಲ್ಯಗಳು. ‘ಆಟೋ’ ಇದ್ದಲ್ಲಿ, ಉತ್ತರವು ಪರದೆಗೆ ಹೋಗುವಾಗ ಮಾತ್ರ ಬಣ್ಣದ ಆಜ್ಞೆಗಳು ಸೇರುತ್ತವೆ. ಕಡತಕ್ಕೋ ಪೈಪ್ ಮೂಲಕ ಮತ್ತೊಂದು ತಂತ್ರಾಂಶಕ್ಕೋ ಹೋಗುವಾಗ ಸೇರುವುದಿಲ್ಲ. ಇದು ದೋಷವಲ್ಲ, ವಿವೇಕ. ಅದರ ಮಹತ್ತ್ವವನ್ನು ಮುಂದೆ ನೋಡಲಿದ್ದೇವೆ.

ಎರಡನೆಯದು, ಟರ್ಮಿನಲ್ಲಿನ ಜಾತಿಯನ್ನು ಸೂಚಿಸುವ ‘ಟರ್ಮ್’ ಎಂಬ ಪರಿಸರ ಚರ. ಈ ಹೆಸರನ್ನು ರೋಮನ್ ದೊಡ್ಡಕ್ಷರಗಳಲ್ಲಿ ಬರೆಯುತ್ತಾರೆ. ಅದರಲ್ಲಿ ‘ಡಂಬ್’ ಎಂಬ ಮೌಲ್ಯವಿದ್ದರೆ ತಂತ್ರಾಂಶಗಳು ಈ ಪರದೆಗೆ ಬಣ್ಣ ತಿಳಿಯದೆಂದು ಭಾವಿಸುತ್ತವೆ. ದೂರದ ಮತ್ತೊಂದು ಗಣಕಕ್ಕೆ ಪ್ರವೇಶಿಸಿ ಕೆಲಸ ಮಾಡುವಾಗ ಅಲ್ಲಿಯ ವ್ಯವಸ್ಥೆಗೆ ನಮ್ಮ ಟರ್ಮಿನಲ್ಲಿನ ಹೆಸರು ತಿಳಿಯದಿದ್ದರೂ ಹೀಗಾಗುತ್ತದೆ. ‘ಟಿಪುಟ್ ಕಲರ್ಸ್’ ಎಂಬ ಆಜ್ಞೆಯನ್ನು ಕೊಟ್ಟರೆ ವ್ಯವಸ್ಥೆಯು ತನ್ನ ಅರಿವಿನಂತೆ ಎಷ್ಟು ಬಣ್ಣಗಳಿವೆ ಎಂಬುದನ್ನು ಹೇಳುತ್ತದೆ. 8 ಅಥವಾ 256 ಎಂದು ಬಂದರೆ ತೊಡಕು ಬೇರೆಡೆ ಇದೆ.

ಮೂರನೆಯದು, ‘ನೋ ಕಲರ್’ ಎಂಬ ಪರಿಸರ ಚರ. ಬಣ್ಣ ಬೇಡವೆನ್ನುವ ಬಳಕೆದಾರರ ಇಚ್ಛೆಯನ್ನು ಎಲ್ಲ ತಂತ್ರಾಂಶಗಳಿಗೂ ಒಂದೇ ಬಗೆಯಲ್ಲಿ ತಿಳಿಸಲು 2017ರಲ್ಲಿ ರೂಪಿಸಿದ ಒಡಂಬಡಿಕೆ ಇದು. ಅನೇಕ ತಂತ್ರಾಂಶಗಳು ಇದನ್ನು ಪಾಲಿಸುತ್ತವೆ. ಹಲವರು ಬಳಸುವ ಪ್ರಯೋಗಾಲಯದ ಗಣಕದಲ್ಲಿ ಯಾರೋ ಇದನ್ನು ಇರಿಸಿ ಹೋಗಿರಬಹುದು.

ಬರಹವೇ ಕಾಣದಾದಾಗ

ಇದಕ್ಕೆ ವಿರುದ್ಧವಾದ ತೊಡಕು, ಬಣ್ಣ ಬಂದು ಬರಹ ಮರೆಯಾಗುವುದು. ಕಪ್ಪು ಹಿನ್ನೆಲೆಯಲ್ಲಿ ಕಡುನೀಲಿ, ಬಿಳಿ ಹಿನ್ನೆಲೆಯಲ್ಲಿ ಹಳದಿ ಎರಡೂ ಕಣ್ಣಿಗೆ ಸಿಗುವುದಿಲ್ಲ. 31 ಎಂಬುದು ‘ಕೆಂಪು’ ಎಂಬ ಹೆಸರು ಮಾತ್ರ; ಆ ಕೆಂಪು ಯಾವ ಛಾಯೆಯದು ಎಂಬುದನ್ನು ನಿರ್ಧರಿಸುವುದು ಟರ್ಮಿನಲ್ಲಿನ ವರ್ಣವಿನ್ಯಾಸ. ಆದ್ದರಿಂದ ಒಂದು ಗಣಕದಲ್ಲಿ ಚೆನ್ನಾಗಿ ಕಂಡ ಉತ್ತರ ಮತ್ತೊಂದರಲ್ಲಿ ಕಾಣದೆ ಹೋಗಬಹುದು. ಟರ್ಮಿನಲ್ಲಿನ ಆದ್ಯತೆಗಳಲ್ಲಿ ವರ್ಣವಿನ್ಯಾಸವನ್ನು ಬದಲಿಸುವುದೇ ಇದಕ್ಕೆ ಪರಿಹಾರ. ಜಾಲಪುಟಗಳ ಸುಗಮ್ಯತೆಯ ಮಾರ್ಗದರ್ಶಿಯು ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸದ ಪ್ರಮಾಣವಿರಬೇಕೆಂದು ಹೇಳುತ್ತದೆ. ಒತ್ತಕ್ಷರಗಳನ್ನು ಸಾಲಿನ ಕೆಳಗೆ ಚಿಕ್ಕದಾಗಿ ಬರೆಯುವ ಕನ್ನಡಕ್ಕೆ ಇದು ಇನ್ನೂ ಹೆಚ್ಚಿದ್ದರೆ ಒಳ್ಳೆಯದು.

ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳೂ ಇವೆ ಎಂಬುದನ್ನು ಮರೆಯಬಾರದು. ಹುಡುಕಿದ ಪದವನ್ನು ಬಣ್ಣದ ಜೊತೆಗೆ ಅಡಿಗೆರೆಯಿಂದಲೂ ಗುರುತಿಸುವಂತೆ ಏರ್ಪಡಿಸಿಕೊಂಡರೆ ಎಲ್ಲರಿಗೂ ಅನುಕೂಲ.

ಇನ್ನೊಂದು ಸಣ್ಣ ತೊಡಕು, ಬಣ್ಣ ನಿಲ್ಲದೆ ಮುಂದಕ್ಕೆ ಹರಿಯುವುದು. ತಂತ್ರಾಂಶವು ಕೆಂಪಿನ ಆಜ್ಞೆಯನ್ನು ಕಳುಹಿಸಿ ಸೊನ್ನೆಯ ಆಜ್ಞೆಯನ್ನು ಕಳುಹಿಸುವ ಮೊದಲೇ ನಿಂತುಹೋದರೆ ಅನಂತರದ ಬರಹವೆಲ್ಲ ಕೆಂಪಾಗುತ್ತದೆ. ‘ರೀಸೆಟ್’ ಎಂಬ ಆಜ್ಞೆಯನ್ನು ಕೊಟ್ಟರೆ ಪರದೆ ಮೊದಲಿನಂತಾಗುತ್ತದೆ. ಇದರಿಂದ ಕಡತಕ್ಕೆ ಯಾವ ಹಾನಿಯೂ ಇಲ್ಲ.

ಬಣ್ಣವು ಪಠ್ಯದೊಳಗೆ ಸೇರಿಹೋದಾಗ

ಕಡತಕ್ಕೆ ಹಾನಿಯಾಗುವ ಸಂದರ್ಭ ಬೇರೆ; ಸಂಶೋಧನೆಯ ದೃಷ್ಟಿಯಿಂದ ಅದು ಗಂಭೀರ. ವಿದ್ಯಾರ್ಥಿಯು ‘ಆಲ್ವೇಸ್’ ಆಯ್ಕೆಯೊಂದಿಗೆ ಹುಡುಕಿ ಉತ್ತರವನ್ನು ಹೊಸ ಕಡತಕ್ಕೆ ಉಳಿಸಿದನೆನ್ನಿ. ಆಗ ಬಣ್ಣದ ಆಜ್ಞೆಗಳೂ ಆ ಕಡತದೊಳಗೆ ಶಾಶ್ವತವಾಗಿ ಸೇರಿಬಿಡುತ್ತವೆ. ಅದನ್ನು ಪರದೆಯ ಮೇಲೆ ತೋರಿಸಿದರೆ ಬಣ್ಣಬಣ್ಣವಾಗಿ ಚೆನ್ನಾಗಿಯೇ ಕಾಣುವುದರಿಂದ ದೋಷ ಗೊತ್ತಾಗುವುದಿಲ್ಲ. ಆದರೆ ಅದೇ ಕಡತದಲ್ಲಿ ಮರಳಿ ಹುಡುಕಿದಾಗ, ಪದದ ನಡುವೆ ಅದೃಶ್ಯ ಸಂಕೇತಗಳು ಕುಳಿತಿದ್ದರೆ ಆ ಪದ ಸಿಗುವುದಿಲ್ಲ. ಪದಗಳನ್ನು ಎಣಿಸಿ ಪಟ್ಟಿ ಮಾಡಿದರೆ ಬಣ್ಣ ಹತ್ತಿದ ‘ಗೋವೆ’ಯೂ ಹತ್ತದ ‘ಗೋವೆ’ಯೂ ಎರಡು ಬೇರೆ ಪದಗಳಾಗಿ ಲೆಕ್ಕಕ್ಕೆ ಬರುತ್ತವೆ.

ಗ್ರಂಥಸಂಪಾದನಾ ಶಾಸ್ತ್ರವನ್ನು ಓದುವವರಿಗೆ ಇದು ಹೊಸ ಸಂಗತಿಯಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಓದುಗನೊಬ್ಬ ಬರೆದ ಟಿಪ್ಪಣಿಯನ್ನು ಮುಂದಿನ ಲಿಪಿಕಾರನು ಮೂಲವೆಂದೇ ತಿಳಿದು ಪಾಠದೊಳಗೆ ಸೇರಿಸುವುದುಂಟು. ಸಂಪಾದಕನು ಪ್ರತಿಗಳನ್ನು ಹೋಲಿಸಿ ಅಂತಹ ಪ್ರಕ್ಷೇಪವನ್ನು ಬೇರ್ಪಡಿಸಬೇಕಾಗುತ್ತದೆ. ಇಲ್ಲಿಯ ಪ್ರಕ್ಷೇಪವು ಕಣ್ಣಿಗೆ ಕಾಣುವುದಿಲ್ಲವೆಂಬುದೊಂದೇ ವ್ಯತ್ಯಾಸ.

ಅದನ್ನು ಕಾಣುವಂತೆ ಮಾಡಲು ‘ಲೆಸ್’ ಎಂಬ ಪುಟವೀಕ್ಷಕ ಉಪಯುಕ್ತ. ಯಾವ ಆಯ್ಕೆಯನ್ನೂ ಕೊಡದೆ ಕಡತವನ್ನು ಅದರಲ್ಲಿ ತೆರೆದರೆ ಎಸ್ಕೇಪ್ ಸಂಕೇತಗಳು ‘ಇಎಸ್‌ಸಿ’ ಎಂಬ ಮೂರು ರೋಮನ್ ಅಕ್ಷರಗಳಾಗಿ ಎದ್ದು ಕಾಣುತ್ತವೆ. ದೊಡ್ಡಕ್ಷರದ ‘ಆರ್’ ಆಯ್ಕೆಯನ್ನು ಕೊಟ್ಟರೆ ಅವೇ ಸಂಕೇತಗಳು ಬಣ್ಣಗಳಾಗಿ ಮಾರ್ಪಡುತ್ತವೆ. ಹೀಗೆ ಒಂದೇ ಕಡತವನ್ನು ಎರಡು ಬಗೆಯಲ್ಲಿ ನೋಡಿ ತಾಳೆಮಾಡಬಹುದು. ‘ಸೆಡ್’ ಎಂಬ ಆಜ್ಞೆಯಿಂದ ಎಸ್ಕೇಪ್‌ನೊಂದಿಗೆ ಆರಂಭವಾಗುವ ಆಜ್ಞೆಗಳನ್ನೆಲ್ಲ ಅಳಿಸಿ ಕಡತವನ್ನು ಶುದ್ಧಗೊಳಿಸಲೂಬಹುದು. ಆದರೆ ಉಳಿಸುವ ಕಡತಕ್ಕೆ ‘ಆಲ್ವೇಸ್’ ಆಯ್ಕೆಯನ್ನು ಬಳಸದಿರುವುದೇ ಮೇಲು.

ಬಣ್ಣವು ಅಕ್ಷರವನ್ನು ಸೀಳಿದಾಗ

ಇಲ್ಲಿಯವರೆಗಿನ ತೊಡಕುಗಳು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡದಂತಹ ಲಿಪಿಗಳಿಗೆ ವಿಶಿಷ್ಟವಾದುದು ಮುಂದಿನದು.

ಕನ್ನಡದ ಅಕ್ಷರವೆಂದರೆ ಸ್ವರವೊಂದು, ಅಥವಾ ಒಂದೋ ಹಲವೋ ವ್ಯಂಜನಗಳು ಸ್ವರದೊಡನೆ ಕೂಡಿದ ಘಟಕ. ಗಣಕದ ಸಂಗ್ರಹದಲ್ಲಿ ಅದು ಹಾಗಿರುವುದಿಲ್ಲ. ಯೂನಿಕೋಡ್ ವ್ಯವಸ್ಥೆಯು ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡವನ್ನು ಮೀಸಲಿಟ್ಟು ವ್ಯಂಜನ, ಸ್ವರಚಿಹ್ನೆ, ವಿರಾಮಗಳಿಗೆ ಬೇರೆಬೇರೆ ಸಂಕೇತಗಳನ್ನು ಕೊಟ್ಟಿದೆ. ‘ಗೋವೆ’ ಎಂಬುದು ಓದುಗನಿಗೆ ಎರಡು ಅಕ್ಷರ. ಗಣಕಕ್ಕೆ ಗಕಾರ, ಓಕಾರದ ಚಿಹ್ನೆ, ವಕಾರ, ಎಕಾರದ ಚಿಹ್ನೆ ಎಂದು ನಾಲ್ಕು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೂ 3 ಬೈಟುಗಳಂತೆ ಒಟ್ಟು 12 ಬೈಟುಗಳು.

ಈಗ ವಿದ್ಯಾರ್ಥಿಯು ‘ಗೋವೆ’, ‘ಗೋವೆಯ’, ‘ಗೋವಾ’ ಎಲ್ಲವೂ ಸಿಗಲೆಂದು ‘ಗೋವ’ ಎಂಬ ಅಂಗವನ್ನಷ್ಟೇ ಹುಡುಕುತ್ತಾನೆ. ವಿಭಕ್ತಿಪ್ರತ್ಯಯಗಳು ಪದಕ್ಕೆ ಅಂಟಿ ಬರುವ ಕನ್ನಡದಲ್ಲಿ ಹೀಗೆ ಹುಡುಕುವುದು ಸಹಜ. ಗ್ರೆಪ್ ಮೂರು ಸಂಕೇತಗಳಿಗೆ ಬಣ್ಣ ಕೊಟ್ಟು ವಕಾರದ ಬಳಿಕ ಬಣ್ಣವನ್ನು ನಿಲ್ಲಿಸುವ ಆಜ್ಞೆಯನ್ನು ಇರಿಸುತ್ತದೆ. ಆ ಆಜ್ಞೆ ಬೀಳುವುದು ವಕಾರಕ್ಕೂ ಅದರ ಸ್ವರಚಿಹ್ನೆಗೂ ನಡುವೆ, ಅಂದರೆ ಒಂದು ಅಕ್ಷರದ ಒಡಲಿನಲ್ಲಿ. ಮುಂದೆ ಏನಾಗುವುದೆಂಬುದು ಟರ್ಮಿನಲ್ಲನ್ನು ಅವಲಂಬಿಸಿದೆ. ಕೆಲವು ಟರ್ಮಿನಲ್‌ಗಳು ಚಿಹ್ನೆಯನ್ನು ಹಿಂದಿನ ಮನೆಯಲ್ಲಿಯೇ ಕೂಡಿಸಿ ಇಡೀ ಅಕ್ಷರಕ್ಕೆ ಕೆಂಪು ಬಣ್ಣ ಕೊಡುತ್ತವೆ. ಕೆಲವು ಚಿಹ್ನೆಯನ್ನು ಬೇರೆ ಮನೆಯಲ್ಲಿಟ್ಟು, ಆಧಾರವಿಲ್ಲದ ಚಿಹ್ನೆಯೆಂದು ಸೂಚಿಸುವ ಚುಕ್ಕೆಗಳ ವೃತ್ತವೊಂದನ್ನು ಅದರ ಪಕ್ಕದಲ್ಲಿ ತೋರಿಸುತ್ತವೆ.

ಒಂದೇ ಟರ್ಮಿನಲ್ಲಿನಲ್ಲಿ ‘ಗೋವೆ’ ಸರಿಯಾಗಿ ಕಂಡು ‘ಗೋವಾ’ ಒಡೆದು ಕಾಣುವುದೂ ಸಾಧ್ಯ. ಎತ್ವದ ಚಿಹ್ನೆಯನ್ನು ಯೂನಿಕೋಡ್ ಸ್ವಂತ ಅಗಲವಿಲ್ಲದ ಚಿಹ್ನೆಗಳ ವರ್ಗದಲ್ಲಿಯೂ ಆಕಾರದ ಚಿಹ್ನೆಯನ್ನು ಅಗಲವುಳ್ಳ ಚಿಹ್ನೆಗಳ ವರ್ಗದಲ್ಲಿಯೂ ಸೇರಿಸಿರುವುದೇ ಇದಕ್ಕೆ ಕಾರಣ. ಅಗಲವಿಲ್ಲದುದನ್ನು ಹಿಂದಿನ ಮನೆಗೆ ಸೇರಿಸುವ ಟರ್ಮಿನಲ್, ಅಗಲವುಳ್ಳದ್ದಕ್ಕೆ ಹೊಸ ಮನೆಯನ್ನು ಕೊಡುತ್ತದೆ. ‘ಸೂರ್ಯ’ದಂತಹ ಪದಗಳಲ್ಲಿ ತೊಡಕು ಇನ್ನೂ ಹೆಚ್ಚು. ಅರ್ಕಾವತ್ತು ಕಣ್ಣಿಗೆ ಯಕಾರದ ಬಳಿಕ ಕಂಡರೂ ಸಂಗ್ರಹದಲ್ಲಿ ರೇಫವು ಯಕಾರಕ್ಕಿಂತ ಮೊದಲು ಬರುತ್ತದೆ. ಇವೆರಡರ ನಡುವೆ ಬಣ್ಣದ ಆಜ್ಞೆ ಬಿದ್ದರೆ ಅರ್ಕಾವತ್ತು ರೂಪುಗೊಳ್ಳುವುದೇ ಇಲ್ಲ.

ಪರಿಹಾರಗಳು ಸರಳ. ಹುಡುಕುವ ವಿನ್ಯಾಸವು ಅಕ್ಷರದ ಎಲ್ಲೆಯಲ್ಲಿ ಮುಗಿಯುವಂತೆ ನೋಡಿಕೊಳ್ಳಬೇಕು. ‘ಗೋಪಕ’ ಎಂದು ಹುಡುಕಿ ‘ಗೋಪಕಪಟ್ಟಣ’ವು ಸಿಕ್ಕರೆ ಬಣ್ಣ ಕಕಾರದ ಬಳಿಕ ನಿಲ್ಲುತ್ತದೆ, ಮುಂದಿನದು ಪಕಾರವಾದುದರಿಂದ ಅಕ್ಷರ ಸೀಳುವುದಿಲ್ಲ. ಆದರೆ ‘ಕದಂಬ’ ಎಂದು ಹುಡುಕಿ ‘ಕದಂಬಾನ್ವಯ’ ಸಿಕ್ಕಲ್ಲಿ ಸವರ್ಣದೀರ್ಘಸಂಧಿಯಿಂದ ಬಂದ ಆಕಾರದ ಬಳಿ ಸೀಳುತ್ತದೆ. ಎಲ್ಲ ಸಂದರ್ಭಕ್ಕೂ ಒದಗುವ ಉಪಾಯವೆಂದರೆ, ಹುಡುಕುವ ಅಂಗದ ಹಿಂದೆಮುಂದೆ ಖಾಲಿ ಜಾಗವಲ್ಲದ ಸಂಕೇತಗಳು ಎಷ್ಟಿದ್ದರೂ ಸೇರಲಿ ಎಂದು ವಿನ್ಯಾಸದಲ್ಲಿಯೇ ಹೇಳುವುದು. ಆಗ ಬಣ್ಣವು ಇಡೀ ಪದಕ್ಕೆ ಹತ್ತಿ, ಖಾಲಿ ಜಾಗದಲ್ಲಿ ಮಾತ್ರ ನಿಲ್ಲುತ್ತದೆ. ಭಾರತೀಯ ಲಿಪಿಗಳ ಜೋಡಣೆಯನ್ನು ತಿಳಿದ ಎಂಎಲ್‌ಟರ್ಮ್‌ನಂತಹ ಟರ್ಮಿನಲ್ಲನ್ನು ಬಳಸುವುದೂ ಒಂದು ಮಾರ್ಗ. ಗಣಕದ ಭಾಷಾಪರಿಸರವು ಯುಟಿಎಫ್-8 ಆಗಿದೆಯೆಂದು ಖಚಿತಪಡಿಸಿಕೊಳ್ಳುವುದಂತೂ ಅವಶ್ಯ. ಇಲ್ಲವಾದರೆ ತಂತ್ರಾಂಶವು ಬೈಟುಗಳನ್ನೇ ಅಕ್ಷರಗಳೆಂದು ತಿಳಿದು, ಒಂದು ಸಂಕೇತದ ಮೂರು ಬೈಟುಗಳ ನಡುವೆಯೇ ಆಜ್ಞೆಯನ್ನು ತೂರಿಸಬಹುದು.

ಇಷ್ಟಾದರೂ ಒಂದು ಸಮಾಧಾನವಿದೆ. ಪರದೆಯಲ್ಲಿ ಅಕ್ಷರ ಸೀಳಿ ಕಂಡಿತೆಂದರೆ ಮೂಲ ಕಡತ ಕೆಟ್ಟಿತೆಂದು ಅರ್ಥವಲ್ಲ. ಬಣ್ಣವನ್ನು ‘ನೆವರ್’ ಎಂದು ನಿಲ್ಲಿಸಿ ಅದೇ ಹುಡುಕಾಟವನ್ನು ಪುನಃ ಮಾಡಿದಾಗ ಆ ಸೀಳು ಮಾಯವಾದರೆ, ಅದು ಆಜ್ಞೆಯಿಂದ ಉಂಟಾದುದು, ಪಾಠ ಶುದ್ಧವಾಗಿದೆ.

ಇರುವ ಪದಕ್ಕೆ ಬಣ್ಣ ಹತ್ತದಿದ್ದಾಗ

ಕೊನೆಯ ತೊಡಕು ನೋಡಲು ಬಣ್ಣದ್ದು, ನಿಜದಲ್ಲಿ ಬರಹದ್ದು. ಕಡತದಲ್ಲಿ ಹತ್ತು ಕಡೆ ‘ಗೋವೆ’ ಇದ್ದು ಏಳಕ್ಕೆ ಮಾತ್ರ ಬಣ್ಣ ಹತ್ತುತ್ತದೆಯೆನ್ನಿ. ಉಳಿದ ಮೂರು ಕಣ್ಣಿಗೆ ಸ್ವಲ್ಪವೂ ಭಿನ್ನವಾಗಿ ಕಾಣುವುದಿಲ್ಲ.

ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂಬ ಮೂರು ಸಂಕೇತಗಳಾಗಿ. ಮೊದಲನೆಯ ಕ್ರಮದಲ್ಲಿ ‘ಗೋವೆ’ 4 ಸಂಕೇತ, 12 ಬೈಟು; ಎರಡನೆಯದರಲ್ಲಿ 6 ಸಂಕೇತ, 18 ಬೈಟು. ಎರಡೂ ಒಂದೇ ಎಂದು ಯೂನಿಕೋಡ್ ಸಾರಿದ್ದರೂ ಗ್ರೆಪ್ ಸಂಕೇತಗಳನ್ನು ಇದ್ದಂತೆಯೇ ಹೋಲಿಸುತ್ತದೆ. ಹಾಗೆಯೇ ‘ಸೂರ್ಯ’ ಎಂದು ಅರ್ಕಾವತ್ತಿನೊಡನೆಯೂ ‘ಸೂರ‍್ಯ’ ಎಂದು ಯಕಾರದ ಒತ್ತಿನೊಡನೆಯೂ ಬರೆದ ರೂಪಗಳು ನಮಗೆ ಒಂದೇ ಪದವಾದರೂ, ಎರಡನೆಯದರಲ್ಲಿ ಅದೃಶ್ಯವಾದ ಕೂಡುಸಂಕೇತವೊಂದು ಇರುವುದರಿಂದ ಗಣಕಕ್ಕೆ ಬೇರೆಬೇರೆ. ಹಲವರು ಹಲವು ಕೀಲಿಮಣೆಗಳಲ್ಲಿ ಬೆರಳಚ್ಚು ಮಾಡಿದ ಪಾಠಗಳನ್ನು ಒಂದುಗೂಡಿಸಿದ ಕಡತಗಳಲ್ಲಿ ಇಂತಹ ಭೇದಗಳು ಇರುವುದು ಸಾಮಾನ್ಯ.

ಓಕಾರದ ಭೇದಕ್ಕೆ ಪರಿಹಾರ ಏಕರೂಪೀಕರಣ. ‘ಯುಕಾನ್ವ್’ ಎಂಬ ಆಜ್ಞೆಯಿಂದಲೋ ಪೈಥಾನ್ ಭಾಷೆಯಲ್ಲಿರುವ ಯೂನಿಕೋಡ್ ಸೌಲಭ್ಯದಿಂದಲೋ ಇಡೀ ಕಡತವನ್ನು ‘ಎನ್‌ಎಫ್‌ಸಿ’ ಎಂಬ ಕೂಡಿದ ರೂಪಕ್ಕೆ ತರಬಹುದು. ಇದನ್ನು ಮೂಲ ಕಡತದ ಪ್ರತಿಯ ಮೇಲೆ ಮಾಡಬೇಕು. ಅದೃಶ್ಯ ಕೂಡುಸಂಕೇತಗಳ ಭೇದ ಇದರಿಂದ ನೀಗುವುದಿಲ್ಲ; ಅಲ್ಲಿ ಎರಡು ರೂಪಗಳನ್ನೂ ಪ್ರತ್ಯೇಕವಾಗಿ ಹುಡುಕಿ ಕೂಡಿಸಬೇಕು.

ಪರಿಶೀಲನೆಯ ಕ್ರಮ

ಮೇಲಿನದನ್ನೆಲ್ಲ ಒಂದು ಕ್ರಮಕ್ಕೆ ತಂದರೆ ಹೀಗಾಗುತ್ತದೆ. ತೊಡಕು ಕಂಡೊಡನೆ ಮೊದಲು ಬಣ್ಣವನ್ನು ನಿಲ್ಲಿಸಿ ಅದೇ ಆಜ್ಞೆಯನ್ನು ಮತ್ತೆ ಕೊಡಬೇಕು. ತೊಡಕು ನೀಗಿದರೆ ಅದು ಬಣ್ಣದ ಆಜ್ಞೆಯದು. ಟರ್ಮಿನಲ್ಲಿನ ಜಾತಿ, ವರ್ಣವಿನ್ಯಾಸ, ಅಕ್ಷರದ ಎಲ್ಲೆಗಳನ್ನು ನೋಡಬೇಕು. ನೀಗದಿದ್ದರೆ ಕಡತವನ್ನು ‘ಲೆಸ್’ನಲ್ಲಿ ತೆರೆದು ಎಸ್ಕೇಪ್ ಸಂಕೇತಗಳು ಸೇರಿವೆಯೇ ಎಂದು ನೋಡಬೇಕು. ಅವೂ ಇಲ್ಲದಿದ್ದರೆ ಪದದ ಸಂಕೇತಗಳು ಏಕರೂಪವಾಗಿವೆಯೇ ಎಂದು ಪರೀಕ್ಷಿಸಬೇಕು. ಕೊನೆಯದಾಗಿ, ಗಣಕವು ಕೊಟ್ಟ ಸಂಖ್ಯೆಯನ್ನು ಕಡತದ ಒಂದೆರಡು ಪುಟಗಳಲ್ಲಾದರೂ ಕಣ್ಣಾರೆ ಎಣಿಸಿ ತಾಳೆನೋಡಬೇಕು.

ನಮ್ಮ ಭಾಷೆಯಲ್ಲಿ ‘ವರ್ಣ’ ಎಂಬ ಒಂದೇ ಪದಕ್ಕೆ ಬಣ್ಣವೆಂದೂ ಅಕ್ಷರಧ್ವನಿಯೆಂದೂ ಎರಡು ಅರ್ಥಗಳಿವೆ. ಟರ್ಮಿನಲ್ಲಿನಲ್ಲಿ ಇವೆರಡೂ ಒಂದೇ ಹರಿವಿನಲ್ಲಿ ಬರುವುದರಿಂದ, ಯಾವುದು ಯಾವುದೆಂದು ಬೇರ್ಪಡಿಸಿ ನೋಡುವ ಹೊಣೆ ಓದುವವನದು. ಸ್ಥಳನಾಮವೊಂದು ಶಾಸನದಲ್ಲಿ ‘ಇಲ್ಲ’ ಎಂದು ಬರೆಯುವ ಮೊದಲು, ಅದು ಪಾಠದಲ್ಲಿ ಇಲ್ಲವೋ ಅಥವಾ ಅದಕ್ಕೆ ಬಣ್ಣ ಹತ್ತಲಿಲ್ಲವೋ ಎಂಬುದನ್ನು ವಿದ್ಯಾರ್ಥಿಯು ಖಚಿತಪಡಿಸಿಕೊಂಡಿರಬೇಕು.